ಬೆಕ್ಕು ಬಿದ್ದರೆ ನಗಲಿ ಬಿಡಿ

"ಟಾಮ್ ಅಂಡ್ ಜೆರ್ರಿ ನೋಡಿ ಮಕ್ಕಳು ಹೊಡೆದಾಟ ಕಲೀತಾವೆ" ಅನ್ನೋದು ನಮ್ಮಲ್ಲಿ ಹಲವರ ದೂರು. ಈ ಮಾತನ್ನು ನಾನು ಒಪ್ಪೋದಿಲ್ಲ. ಇಸ್ತ್ರಿಪೆಟ್ಟಿಗೆ ಬಿದ್ದು ರೊಟ್ಟಿ ಹಾಗೆ ಚಪ್ಪಟೆಯಾದ ಬೆಕ್ಕು ಮರುಗಳಿಗೆಗೆ ಎದ್ದು ಓಡುತ್ತೆ. ಇದು ಸುಳ್ಳಾಟ ಅಂತ ಐದು ವರ್ಷದ ಕೂಸಿಗೂ ಗೊತ್ತು. ಗೊತ್ತಿರೋದಕ್ಕೇ ಅದು ನಗೋದು.

ತೊಗಲುಗೊಂಬೆ ಆಟದಲ್ಲಿ ನಮ್ಮ ಹಿರಿಯರು ಯಾತಕ್ಕೆ ನಕ್ಕರು? ರಾಮಾಯಣದ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಬೈದಾಡಿ ಬಡಿದಾಡಿದ್ದಕ್ಕೆ. ಅದೇ ಗೊಂಬೆಯಾಟಕ್ಕಾಗಿ ಧರ್ಮವರಂ ಹತ್ತಿರದ ನಿಮ್ಮಲಕುಂಟದ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಗೊಂಬೆ ಬಡಿದಾಡಿದರೆ ಕಲೆ, ಬೆಕ್ಕು ಬಡಿದಾಡಿದರೆ ಕೇಡು! ಇದ್ಯಾವ ನ್ಯಾಯ?

ಹನ್ನಾ ಮತ್ತು ಬಾರ್ಬೆರಾ 1940ರಲ್ಲಿ ಶುರು ಮಾಡಿದ ಈ ಏಳೆಂಟು ನಿಮಿಷದ ಚಿತ್ರಗಳ ಸರಣಿಗೆ 7 ಆಸ್ಕರ್ ಬಂದಿವೆ. ಮಾತು ಕಮ್ಮಿ, ಕಥೆಯನ್ನೆಲ್ಲ ವಾದ್ಯಗಳೇ ಹೇಳುತ್ತವೆ. ಮನೇಲಿ ಕನ್ನಡ, ಸಂತೇಲಿ ತೆಲುಗು ಆಡೋ ನಮ್ಮ ಮಕ್ಕಳಿಗೆ ಭಾಷೆಯ ತೊಡಕೇ ಇಲ್ಲ.

ಹಾಗಂತ ಅದರಲ್ಲಿ ತಪ್ಪೇ ಇಲ್ಲವೇ? ಐತೆ, ಆದರೆ ನೀವು ಬೆರಳು ತೋರಿಸೋ ಕಡೆ ಇಲ್ಲ. ಹಳೆಯ ಚಿತ್ರಗಳಲ್ಲಿ ಮನೆಗೆಲಸದ ಕಪ್ಪು ಹೆಂಗಸೊಬ್ಬಳು ಬರುತ್ತಾಳೆ. ಅವಳ ಕಾಲು ಕಾಣುತ್ತೆ, ಪೊರಕೆ ಕಾಣುತ್ತೆ, ಮುಖ ಮಾತ್ರ ಹೆಚ್ಚೂಕಡಿಮೆ ಕಾಣೋದೇ ಇಲ್ಲ. ಅವಳ ಮಾತಿನ ಧಾಟಿಯೇ ನಗೆಪಾಟಲು. ಕೆಲವು ಚಿತ್ರಗಳಲ್ಲಿ ಸಿಡಿತಕ್ಕೆ ಟಾಮನ ಮುಖ ಮಸಿಯಾದ ಕೂಡಲೇ ಅವನನ್ನು ಕಪ್ಪು ಜನರ ಅಣಕದಂತೆ ಬರೆದಿದ್ದಾರೆ. ಅಮೆರಿಕದ ಕಪ್ಪು ಜನ ಇಂಥ ಚಿತ್ರಣವನ್ನು ಪ್ರತಿಭಟಿಸಿದರು. ಟಿವಿಗೆ ಬಂದಮೇಲೆ ಎಷ್ಟೋ ದೃಶ್ಯಗಳಿಗೆ ಕತ್ತರಿ ಬಿತ್ತು.

ಬರೆದ ಬೆಕ್ಕು ಬಿದ್ದರೆ ಯಾರಿಗೂ ನೋವಾಗೋದಿಲ್ಲ. ಮೈಬಣ್ಣಕ್ಕೆ ನಕ್ಕರೆ ಬದುಕಿರೋ ಮನುಷ್ಯರಿಗೆ ನೋವಾಗುತ್ತೆ. ಈ ನಗು ಅಮೆರಿಕದಲ್ಲಿ ಮಾತ್ರ ಇತ್ತೇನು? ಶಾಲೆ ಅಂಗಳದಲ್ಲಿ "ಕರಿಯ", "ಕುಂಟ", "ಮೆಳ್ಳಗಣ್ಣ" ಅಂತ ಕೂಗೋದನ್ನು ನಮ್ಮ ಮಕ್ಕಳಿಗೆ ಯಾವ ಟಾಮ್ ಕಲಿಸಿದ, ಯಾವ ಜೆರ್ರಿ ಕಲಿಸಿತು? ಕಟ್ಟೆ ಮೇಲೆ ಕೂತು ಕಲಿಸಿದವರು ನಾವೇ. ಹೆಸರು ಬಿಟ್ಟು ಜಾತಿ ಹಿಡಿದು ಕರೆದು ನಕ್ಕವರೂ ನಾವೇ.

ಮೇಷ್ಟ್ರೇ, ಟಿವಿ ಆರಿಸಬೇಡಿ. ಮಕ್ಕಳ ಜೊತೆ ಕೂತು ನೀವೂ ನಗಿ. ಆ ಹೆಂಗಸು ಬಂದಾಗ ಮಾತ್ರ, "ಇವಳ ಮುಖ ಯಾಕೆ ತೋರಿಸಿಲ್ಲ?" ಅಂತ ಒಂದು ಪ್ರಶ್ನೆ ಕೇಳಿ. ಮಕ್ಕಳು ಉತ್ತರ ಹೇಳ್ತಾರೆ. ಅವತ್ತೇ ನಿಮ್ಮ ತರಗತಿಯ ಅಡ್ಡಹೆಸರುಗಳ ಲೆಕ್ಕವನ್ನೂ ತೆಗೆಯಿರಿ.