ದೇಶಕ್ಕಿಂತ ಮೊದಲು ಹುಟ್ಟಿದ ತಂಡ

ಮಕ್ಕಳು ಟಿವಿಯ ಮುಂದೆ ಫುಟ್ಬಾಲ್ ನೋಡಲು ಕುಳಿತಾಗ ಅವರಿಗೆ ಅಲ್ಜೀರಿಯಾದ ಕಥೆಯನ್ನೂ ಹೇಳಿ. ಸಾಮಾನ್ಯವಾಗಿ ದೇಶ ಸ್ವತಂತ್ರವಾದ ಬಳಿಕ ತಂಡ ಕಟ್ಟುತ್ತಾರೆ. ಅಲ್ಲಿ ತಂಡವೇ ಮೊದಲು ಹುಟ್ಟಿತು.

1958ರ ಎಪ್ರಿಲ್. ಅಲ್ಜೀರಿಯಾ ಇನ್ನೂ ಫ್ರಾನ್ಸಿನ ಹಿಡಿತದಲ್ಲಿತ್ತು. ಫ್ರಾನ್ಸಿನ ಕ್ಲಬ್‌ಗಳಲ್ಲಿ ಹಣ, ಹೆಸರು ಗಳಿಸಿದ್ದ ಸುಮಾರು ಹತ್ತು ಮಂದಿ ಅಲ್ಜೀರಿಯನ್ ಆಟಗಾರರು ಗುಟ್ಟಾಗಿ ಗಡಿ ದಾಟಿ ಟುನಿಸ್ ಸೇರಿದರು. ಅವರಲ್ಲಿ ರಶೀದ್ ಮಖ್ಲೂಫಿ ಮತ್ತು ಮುಸ್ತಫಾ ಝಿತೂನಿ ಎರಡೇ ತಿಂಗಳಲ್ಲಿ ನಡೆಯಲಿದ್ದ ವಿಶ್ವಕಪ್‌ನಲ್ಲಿ ಫ್ರಾನ್ಸಿನ ಪರ ಆಡಬಹುದಿತ್ತು. 21ರ ಹರೆಯದ ಮಖ್ಲೂಫಿ ಆಗ ಫ್ರೆಂಚ್ ಸೇನೆಯಲ್ಲಿದ್ದರು. ಸೇನೆ ಬಿಟ್ಟು ಓಡುವುದೆಂದರೆ ಶಿಕ್ಷೆಯನ್ನು ಕೈಯಾರೆ ಕರೆದಂತೆ. ಆದರೂ ಹೊರಟರು.

ಫಿಫಾ ಆ ತಂಡವನ್ನು ಮಾನ್ಯ ಮಾಡಲಿಲ್ಲ. ಅವರು ಅರಬ್ ದೇಶಗಳಲ್ಲಿ, ಪೂರ್ವ ಯುರೋಪಿನಲ್ಲಿ, ಚೀನಾ, ವಿಯೆಟ್ನಾಮ್‌ಗಳಲ್ಲಿ ಆಡುತ್ತಲೇ ಹೋದರು. 1962ರಲ್ಲಿ ಸ್ವಾತಂತ್ರ್ಯ ಬಂತು. 1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ಪಶ್ಚಿಮ ಜರ್ಮನಿಯನ್ನು 2-1ರಿಂದ ಸೋಲಿಸಿದಾಗ ತರಬೇತುದಾರರಲ್ಲಿ ಮಖ್ಲೂಫಿಯೂ ಒಬ್ಬರು.

2024ರಲ್ಲಿ ಅವರು ತೀರಿಕೊಂಡರು. ಆಟಗಾರನಾಗಿ ವಿಶ್ವಕಪ್ ಮೈದಾನಕ್ಕಿಳಿಯುವ ಅವಕಾಶ ಅವರಿಗೆ ಕೊನೆಗೂ ಸಿಗಲಿಲ್ಲ. ಗೋಲುಗಳ ಲೆಕ್ಕದ ಜತೆಗೆ ಮಕ್ಕಳಿಗೆ ಈ ಲೆಕ್ಕವನ್ನೂ ಹೇಳಿಕೊಡೋಣ.