ಹಸಿರು ಟವಲಿನ ಜೊತೆ ಲೆಕ್ಕವೂ ಇರಲಿ



ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರು ಕಾನೂನು ಪಾಠ ಹೇಳುತ್ತಿದ್ದ ಮೇಷ್ಟ್ರು. 1980ರಲ್ಲಿ ರೈತ ಸಂಘ ಕಟ್ಟಿದ ಮುಂದಾಳು, ಮುಂದೆ ಶಾಸಕರು, 1992ರಲ್ಲಿ ಕಾರ್ಗಿಲ್ ಬೀಜ ಕಂಪನಿಗೆ ಎದುರು ನಿಂತವರು. ಎಲ್ಲಿ ಹೋದರೂ ಕೇಳಿದ್ದು ಒಂದೇ ಲೆಕ್ಕ: ನ್ಯಾಯಬೆಲೆ ಕೊಡದೆ ರೈತನಿಂದ ಕಿತ್ತುಕೊಂಡದ್ದೆಷ್ಟು, ಅವನ ಮೇಲಿರುವ ಸಾಲವೆಷ್ಟು? ಅದಕ್ಕೇ ಸಂಘ ಹೇಳಿದ್ದು, ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಅಂತ.

2004ರಲ್ಲಿ ಅವರು ಹೋದರು. ಲೆಕ್ಕ ತೀರಿತೇ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಬೆಳೆಗಾರರೇ, ನೀವೇ ಹೇಳಿ. ಬ್ಯಾರನ್ನಿನ ಸೌದೆಗೂ ಗೊಬ್ಬರಕ್ಕೂ ಇನ್ನೊಬ್ಬ ಬೆಲೆ ಹೇಳ್ತಾನೆ. ಹರಾಜಿನಲ್ಲಿ ನಿಮ್ಮ ಬೇಲಿಗೂ ಇನ್ನೊಬ್ಬನೇ ಹೇಳ್ತಾನೆ. ಫೋಟೋಕ್ಕೆ ಹಾರ ಹಾಕಿ, ಟವಲು ಕೊಡವಿ ಮನೆಗೆ ಹೋದರೆ ಸಾಲದು. ಖರ್ಚು ಬರೆದಿಡಿ. ಹರಾಜಿಗೆ ಒಬ್ಬೊಬ್ಬರೇ ಅಲ್ಲ, ಊರಿಗೆ ಊರೇ ಹೋಗಿ ಕೇಳಿ.