ಮಂಚದ ಲೆಕ್ಕ ಇಲ್ಲದ ಯುವ ನೀತಿ

ದಿನಕ್ಕೆ ಏಳು ರೂಪಾಯಿ ಚಿಲ್ಲರೆ. 2014ರ ರಾಷ್ಟ್ರೀಯ ಯುವ ನೀತಿ ಕೊಟ್ಟ ಅಂಕಿಯನ್ನು ಭಾಗಿಸಿದರೆ ಸಿಗುವುದು ಇಷ್ಟೇ. ಕೇಂದ್ರ ಸರ್ಕಾರ ಯುವಜನರಿಗಾಗಿ ವರ್ಷಕ್ಕೆ 90 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಖರ್ಚು ಮಾಡುತ್ತದೆ, ತಲೆಗೆ ಸುಮಾರು 2,710 ರೂಪಾಯಿ ಬೀಳುತ್ತದೆ ಎಂದು ಆ ದಾಖಲೆ ಬರೆದುಕೊಂಡಿತ್ತು. ಉನ್ನತ ಶಿಕ್ಷಣ, ಆರೋಗ್ಯ, ಕೌಶಲ ತರಬೇತಿ, ಪಡಿತರದ ಸಬ್ಸಿಡಿ ಎಲ್ಲವೂ ಅದರಲ್ಲೇ. ಲೆಕ್ಕ ಹಳೆಯದು, ನಿಜ. ಆದರೂ ಯಲಹಂಕದ ಪುಟ್ಟೇನಹಳ್ಳಿಯಲ್ಲಿ ಇವತ್ತು ಆ 2,710ಕ್ಕೆ ಫೋರ್ ಶೇರಿಂಗ್ ಕೋಣೆಯ ಒಂದು ಮಂಚ ಹದಿನೈದು ದಿನಕ್ಕೆ ಸಿಕ್ಕರೆ ಅದೇ ಪುಣ್ಯ.

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಎರಡಿವೆ. ಜೆ.ಪಿ. ನಗರದ್ದು ಬೇರೆ. ಇದು ದೊಡ್ಡಬಳ್ಳಾಪುರ ರಸ್ತೆಯ ಕಡೆಯದ್ದು. ಅವಲಹಳ್ಳಿ, ರಾಜಾನುಕುಂಟೆಯ ಎಂಜಿನಿಯರಿಂಗ್ ಕಾಲೇಜುಗಳು ಒಂದು ದಿಕ್ಕಿಗೆ, ವಿಮಾನ ನಿಲ್ದಾಣದ ಪಾಳಿ ಕೆಲಸಗಳು ಇನ್ನೊಂದು ದಿಕ್ಕಿಗೆ. ಮೂವತ್ತು-ನಲವತ್ತರ ಸೈಟಿನಲ್ಲಿ ಎದ್ದ ಪಿಜಿಗಳಲ್ಲಿ ಓದುವವರು, ಓದು ಮುಗಿಸಿ ಕೆಲಸ ಹುಡುಕುವವರು, ಸಿಕ್ಕ ಕೆಲಸಕ್ಕೆ ರಾತ್ರಿ ಹೊರಡುವವರು ಒಂದೇ ಕೋಣೆಯಲ್ಲಿ ಸರದಿಯ ಮೇಲೆ ನಿದ್ದೆ ಮಾಡುತ್ತಾರೆ.

ಇವರ ವಾಸದ ಬಗ್ಗೆ ಯುವ ನೀತಿ ಏನು ಹೇಳುತ್ತದೆ? 2014ರ ನೀತಿಯಲ್ಲಿ 11 ಆದ್ಯತಾ ಕ್ಷೇತ್ರಗಳಿವೆ: ಶಿಕ್ಷಣ, ಉದ್ಯೋಗ ಮತ್ತು ಕೌಶಲ, ಉದ್ಯಮಶೀಲತೆ, ಆರೋಗ್ಯ, ಕ್ರೀಡೆ, ಸಾಮಾಜಿಕ ಮೌಲ್ಯಗಳ ಪ್ರಚಾರ, ರಾಜಕೀಯದಲ್ಲಿ ಪಾಲ್ಗೊಳ್ಳುವಿಕೆ... ವಸತಿ ಎಂಬ ಬಾಬತ್ತು ಆ ಹನ್ನೊಂದರಲ್ಲಿ ಇಲ್ಲ. 2022ರಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟ ಹೊಸ ಕರಡು ಹನ್ನೊಂದನ್ನು ಐದಕ್ಕೆ ಇಳಿಸಿತು. ಆ ಐದರಲ್ಲೂ ಇಲ್ಲ. ಮೌಲ್ಯ ಬೆಳೆಸಿಕೊಳ್ಳಬೇಕಾದ ತರುಣ ರಾತ್ರಿ ಎಲ್ಲಿ ಮಲಗಬೇಕು ಎಂಬುದು ನೀತಿ ಬರೆಯುವವರ ತಲೆಗೆ ಹೊಳೆಯದ ಪ್ರಶ್ನೆ.

ಇದೇ ಪುಟ್ಟೇನಹಳ್ಳಿಯ ಕೆರೆಯನ್ನು ಸರ್ಕಾರ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಹಾವಕ್ಕಿ, ಕೊಕ್ಕರೆಗಳಿಗೆ ಕಾನೂನಿನ ನೆಲೆ ಸಿಕ್ಕಿತು. ಒಳ್ಳೆಯ ಕೆಲಸ; ಹಕ್ಕಿಗಳ ಮೇಲೆ ಯಾರಿಗೂ ಹೊಟ್ಟೆಕಿಚ್ಚು ಬೇಡ.

ಪಿಜಿ ಸರ್ಕಾರದ ಕಣ್ಣಿಗೆ ಬಿದ್ದೇ ಇಲ್ಲ ಎನ್ನುವಂತಿಲ್ಲ. ತೆರಿಗೆ ವಸೂಲಿಗೆ ಬಿದ್ದಿದೆ, ಅಪರಾಧ ನಡೆದಾಗ ಬಿದ್ದಿದೆ. ವಿದ್ಯಾರ್ಥಿಗಳು, ಉದ್ಯೋಗಸ್ಥರು ತಂಗುವ ಹಾಸ್ಟೆಲ್ಲಿಗೆಂದು ಬಾಡಿಗೆಗೆ ಕೊಟ್ಟ ಕಟ್ಟಡವೂ ವಾಸದ ಮನೆಯೇ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿತು. ಮರುವರ್ಷವೇ ಜಿಎಸ್‌ಟಿಯ ಮುಂಗಡ ತೀರ್ಪು ಪ್ರಾಧಿಕಾರದ ಕರ್ನಾಟಕ ಪೀಠ, ಪಿಜಿ ವಾಸದ ಮನೆಯಲ್ಲ, ಶೇ 12 ತೆರಿಗೆ ಕಟ್ಟಬೇಕು ಎಂದಿತು. ವರ್ಷದ ಗೊಂದಲದ ನಂತರ, 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ತಿಂಗಳಿಗೆ 20 ಸಾವಿರದೊಳಗಿನ ಬಾಡಿಗೆಗೆ ವಿನಾಯಿತಿ ಕೊಟ್ಟಿತು. ಕನಿಷ್ಠ 90 ದಿನ ಉಳಿಯಬೇಕೆಂಬ ಷರತ್ತಿನೊಂದಿಗೆ. ನಾಲ್ಕು ಜನ ಮಲಗುವ ಕೋಣೆ ಮನೆಯೋ ಹೋಟೆಲೋ ಎಂಬ ಚರ್ಚೆಯಲ್ಲಿ ಯುವ ನೀತಿಯಿಂದ ಎತ್ತಿ ತೋರಿಸಲು ಒಂದು ಸಾಲೂ ಇರಲಿಲ್ಲ.

ಜುಲೈ 2024ರಲ್ಲಿ ಕೋರಮಂಗಲದ ಪಿಜಿಯೊಳಗೆ ಯುವತಿಯೊಬ್ಬಳ ಕೊಲೆಯಾಯಿತು. ಆಗಸ್ಟ್‌ನಲ್ಲಿ ಬಿಬಿಎಂಪಿ ಮಾರ್ಗಸೂಚಿ ಹೊರಡಿಸಿತು: ಸಿಸಿಟಿವಿ, ಕಾವಲುಗಾರ, ಪ್ರತಿಯೊಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು. ಮಾರ್ಗಸೂಚಿ ಚೆನ್ನಾಗಿಯೇ ಇದೆ. ಆದರೆ ಹತ್ತು-ಹನ್ನೆರಡರ ಕೋಣೆಗೆ ನಾಲ್ಕು ಮಂಚ ಹಾಕಿದರೆ ಒಬ್ಬರ ಪಾಲಿಗೆ ಬರುವುದು 30 ಚದರ ಅಡಿ, ಸೂಟ್‌ಕೇಸು ಇಡುವ ಜಾಗವೂ ಸೇರಿ. ಕ್ಯಾಮೆರಾ ಒಂದು ದಿನದಲ್ಲಿ ಗೋಡೆಗೆ ಏರುತ್ತದೆ, ಕೋಣೆ ಅಗಲವಾಗುವುದಿಲ್ಲ.

ಪಿಜಿ ಮಾಲೀಕರ ಮಾತನ್ನೂ ಕೇಳಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ದರ ಏರಿ, ಎಷ್ಟೋ ಪಿಜಿಗಳು ನೀರನ್ನು ಗಂಟೆ ಲೆಕ್ಕದಲ್ಲಿ ಬಿಟ್ಟವು. ‘70 ಅಡಿ ಕೊಟ್ಟರೆ ಬಾಡಿಗೆ ಡಬಲ್ ಆಗುತ್ತೆ, ಹುಡುಗರು ಕೊಡ್ತಾರಾ?’ ಎಂಬ ಅವರ ವಾದ ಸುಳ್ಳಲ್ಲ. ಆ ವಾದ ಸರ್ಕಾರದ ಕಡೆಗೇ ಬೆರಳು ತೋರಿಸುತ್ತದೆ: ಖಾಸಗಿಯವರು ಕೊಡಲಾರದ ಅಗ್ಗದ ಮಂಚವನ್ನು ಸಾರ್ವಜನಿಕ ದುಡ್ಡಿನಲ್ಲಿ ಕೊಡಬೇಕಾದವರು ಯಾರು?

ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿವೆ ಎಂದು ಅಧಿಕಾರಿಗಳು ಹೇಳಬಹುದು. ಇವೆ, ಎಷ್ಟೋ ಮನೆಗಳ ಮೊದಲ ಪದವೀಧರರನ್ನು ಓದಿಸಿವೆ. ಆದರೆ ಪರೀಕ್ಷೆ ಮುಗಿದೊಡನೆ ಟ್ರಂಕು ಹೊರಗೆ ಬರಬೇಕು. ನಿರುದ್ಯೋಗ ಭತ್ಯೆಯಾದ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಅದು ಸಿಗುವುದು ತೇರ್ಗಡೆಯಾಗಿ 180 ದಿನ ಕೆಲಸವಿಲ್ಲದೆ ಕಳೆದ ಮೇಲೆ. ಹಾಸ್ಟೆಲ್ ಬಾಗಿಲು ಮುಚ್ಚಿ, ಭತ್ಯೆ ಇನ್ನೂ ಶುರುವಾಗದ ಆ ಆರು ತಿಂಗಳು ಯಾವ ಯೋಜನೆಯ ಪುಸ್ತಕದಲ್ಲೂ ಇಲ್ಲ. ಸಂದರ್ಶನಕ್ಕೆ ಓಡಾಡಬೇಕಾದ್ದು ಆಗಲೇ. ಬಾಡಿಗೆಗೆ ಊರಿನಿಂದ ದುಡ್ಡು ತರಿಸಬೇಕಾದ್ದೂ ಆಗಲೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ವರದಿಯ ಪ್ರಕಾರ ದೇಶದ ಯುವ ಪದವೀಧರರ ನಿರುದ್ಯೋಗ ಪ್ರಮಾಣ ಶೇ 29.1. ಹುಡುಕಾಟ ಉದ್ದವಾದಷ್ಟೂ ಮಂಚದ ಬಾಡಿಗೆ ಕಟ್ಟಲಾಗದವರು ಮೊದಲು ಊರಿಗೆ ಬಸ್ಸು ಹತ್ತುತ್ತಾರೆ. ಅಂಕಪಟ್ಟಿ ಚೆನ್ನಾಗಿದ್ದರೂ ಅಷ್ಟೇ.

ಬಾಡಿಗೆಗೆ ಬೇರೆ ಮನೆ ಹಿಡಿಯೋಣವೆಂದರೆ ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಅಡ್ಡ ನಿಲ್ಲುತ್ತದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹಾಕಿತ್ತು. ಮಾದರಿಯನ್ನು ಒಪ್ಪುವುದೂ ಬಿಡುವುದೂ ರಾಜ್ಯಗಳ ಇಷ್ಟ.

ಇದನ್ನೆಲ್ಲ ಕೇಳಲು ಜನಪ್ರತಿನಿಧಿಯಾದರೂ ಇರಬೇಕಲ್ಲ. ಬಿಬಿಎಂಪಿ ಚುನಾವಣೆ ಕೊನೆಯದಾಗಿ ನಡೆದದ್ದು 2015ರ ಆಗಸ್ಟ್‌ನಲ್ಲಿ; 2020ರ ಸೆಪ್ಟೆಂಬರ್‌ಗೆ ಸದಸ್ಯರ ಅವಧಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ನಗರ ಐದು ಪಾಲಿಕೆಗಳಾಗಿ ಒಡೆದು ಯಲಹಂಕ ಉತ್ತರ ಪಾಲಿಕೆಗೆ ಸೇರುವ ಹೊತ್ತಿಗೂ ಮತದಾನ ನಡೆದಿರಲಿಲ್ಲ. ಯುವ ನೀತಿಯ ಹನ್ನೊಂದರಲ್ಲಿ ಒಂದಾದ ‘ರಾಜಕೀಯದಲ್ಲಿ ಪಾಲ್ಗೊಳ್ಳುವಿಕೆ’ಯ ಪಾಡು ಇದು: 15ರಿಂದ 29 ವರ್ಷದವರು ಯುವಜನರು ಎಂದು ಆ ನೀತಿ ಹೇಳುತ್ತದೆ; ಅವರಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಈ ನಗರದ ವಾರ್ಡಿಗೆ ಒಮ್ಮೆಯೂ ಮತ ಹಾಕಿರಲಿಲ್ಲ. ಪಿಜಿಯ ಹುಡುಗರ ಹೆಸರು ಬಹುಪಾಲು ಇನ್ನೂ ಊರಿನ ಮತದಾರರ ಪಟ್ಟಿಯಲ್ಲೇ ಇರುತ್ತದೆ ಎಂಬುದು ಬೇರೆ ಮಾತು.

ಹೊಸ ಪಾಲಿಕೆಗೆ ದೆಹಲಿಯ ನೀತಿ ಬದಲಾಗುವವರೆಗೆ ಕಾಯುವ ಅಗತ್ಯವಿಲ್ಲ. 70 ಅಡಿ, 135 ಲೀಟರ್ ಎಂಬ ನಿಯಮ ಕೈಯಲ್ಲೇ ಇದೆ. ಅಳತೆ ಟೇಪು ಹಿಡಿದು ಮೂರನೇ ಮಹಡಿಯವರೆಗೆ ಹತ್ತಿ, ಕೋಣೆಯ ಅಳತೆಯನ್ನೂ ಮಂಚಗಳ ಸಂಖ್ಯೆಯನ್ನೂ ಬರೆದು, ‘ರೂಮ್ ಖಾಲಿ ಇದೆ’ ಎಂಬ ಫಲಕದ ಪಕ್ಕದಲ್ಲೇ ಅಂಟಿಸಲಿ.